ಹುಂಜಕ್ಕೆ ಯಾಕೆ ಕೋಪ?



ಇವತ್ತು ನಾವು ಕೋಳಿ ವಿಷಯ ಮಾತಾಡೋಣ. ನಗಬೇಡಿ! ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಯಾವ ಕಡೆಗೆ ಹೋದರೂ ಹಿತ್ತಲಲ್ಲಿ ನಾಲ್ಕು ಕೋಳಿ ಕಾಣುತ್ತವೆ. ಹೊಗೆಸೊಪ್ಪಿನ ದುಡ್ಡು, ಭತ್ತದ ದುಡ್ಡು ಗಂಡಸರ ಕೈಗೆ ಹೋಗುತ್ತದೆ. ಮೊಟ್ಟೆಯ ದುಡ್ಡು ನಮ್ಮ ಸೆರಗಿನ ಗಂಟಿನಲ್ಲಿ ಉಳಿಯುತ್ತದೆ. ಅಲ್ಲವೇ?

ಆದರೆ ಮನೆಯಲ್ಲಿ ಪುಂಡ ಹುಂಜ ಇದ್ದರೆ? ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮನೆಯಲ್ಲಿ ಹೀಗಾಯಿತು. ಪಕ್ಕದ ಮನೆಯ ಮಗು ಅಂಗಳಕ್ಕೆ ಬಂತು. ಹುಂಜ ಎಗರಿ ಒದೆಯಿತು. ಕಾಲಿನ ಮುಳ್ಳು ಮಗುವಿನ ಕಣ್ಣಿನ ಕೆಳಗೆ ಗೀರಿತು. ಪುಣ್ಯ, ಕಣ್ಣು ಉಳಿಯಿತು. ಆದರೆ ಎರಡು ಮನೆಯವರಿಗೂ ಮಾತು ನಿಂತುಹೋಯಿತು. ಅಕ್ಕ ಸಿಟ್ಟಿನಿಂದ ಹುಂಜಕ್ಕೆ ಕೋಲಿನಲ್ಲಿ ಬಾರಿಸಿದರು. ಅವತ್ತಿನಿಂದ ಅದು ಅಕ್ಕನ ಮೇಲೂ ಎಗರತೊಡಗಿತು!

ಯಾಕೆ ಹೀಗೆ? ಹೇಂಟೆಗಳನ್ನು ಕಾಯುವುದು ಹುಂಜದ ಗುಣ. ನಾವು ಹೊಡೆದರೆ, ಒದ್ದರೆ, ಜಗಳಕ್ಕೆ ಬಂದರು ಅಂತ ತಿಳಿಯುತ್ತದೆ. ಓಡಿದರೆ ಗೆದ್ದೆ ಅಂತ ಅಟ್ಟಿಸಿಕೊಂಡು ಬರುತ್ತದೆ. ಅದಕ್ಕೇ ಹೊಡೆಯಲೂ ಬೇಡಿ, ಓಡಲೂ ಬೇಡಿ. ಮೊರವನ್ನೋ ಮಂಕರಿಯನ್ನೋ ಕಾಲಿಗೆ ಅಡ್ಡ ಹಿಡಿದು ಸುಮ್ಮನೆ ನಿಲ್ಲಿ. ಅದು ತಣ್ಣಗಾದ ಮೇಲೆ ನಿಧಾನವಾಗಿ ನಡೆಯಿರಿ. ದಿನಾ ಒಬ್ಬರೇ ಕಾಳು ಹಾಕಿದರೆ ಅವರ ಗುರುತು ಹತ್ತುತ್ತದೆ. ಮಕ್ಕಳು ಕಲ್ಲು ಹೊಡೆದು ಕೆಣಕದಂತೆ ನೋಡಿಕೊಳ್ಳಿ.

ಹಿಡಿಯುವುದು ಹೇಗೆ? ಹಗಲಲ್ಲಿ ಅಟ್ಟಾಡಿಸಬೇಡಿ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಆಗ ಎರಡು ರೆಕ್ಕೆಯನ್ನೂ ಮೈಗೆ ಒತ್ತಿ ಮೆಲ್ಲಗೆ ಎತ್ತಿ. ಒಂದು ಕೈಯಲ್ಲಿ ಕಾಲು ಹಿಡಿದು ಕಂಕುಳಲ್ಲಿ ಇಟ್ಟುಕೊಳ್ಳಿ. ತಲೆಗೆ ಬಟ್ಟೆ ಮುಚ್ಚಿದರೆ ಸುಮ್ಮನಾಗುತ್ತದೆ. ತಲೆಕೆಳಗಾಗಿ ನೇತಾಡಿಸಬೇಡಿ. ಮುಳ್ಳು ಉದ್ದವಾಗಿದ್ದರೆ ತುದಿಯನ್ನು ಮಾತ್ರ ಅರದಿಂದ ಉಜ್ಜಿ ಮೊಂಡು ಮಾಡಿ. ಬುಡಕ್ಕೆ ಕತ್ತಿ ಹಾಕಿದರೆ ರಕ್ತ ಬರುತ್ತದೆ.

ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಎರಡು ಮೂರು ಇದ್ದರೆ ದಿನಾ ಕಾಳಗ. ಕಾವಿಗೆ ಕೂತ ಹೇಂಟೆಯೂ, ಮರಿ ಮಾಡಿದ ಹೇಂಟೆಯೂ ಮೈಮೇಲೆ ಬರುತ್ತದೆ. ಅದು ತಾಯಿ ಕೋಪ. ಕಾವಿನ 21 ದಿನ ಮೂಲೆಯಲ್ಲಿ ನೆಮ್ಮದಿಯಾಗಿ ಬಿಡಿ.

ಹೇಂಟೆಗಳೂ ಒಂದನ್ನೊಂದು ಕುಟುಕುತ್ತವೆ. ನಾರ್ವೆ ದೇಶದಲ್ಲಿ ಎಬ್ಬೆ ಎಂಬುವರು ಯಾವ ಕೋಳಿ ಯಾವುದನ್ನು ಕುಟುಕುತ್ತದೆ ಎಂದು ನೋಡಿ ನೋಡಿ ಬರೆದಿಟ್ಟರು. ಕೋಳಿಗಳಲ್ಲೂ ಹಿರಿಯಳು, ಕಿರಿಯಳು ಎಂಬ ಸಾಲು ಇದೆ ಎಂದು 1920ರ ದಶಕದಲ್ಲಿ ಲೋಕಕ್ಕೆ ತಿಳಿಸಿದರು. ಹೊಸ ಕೋಳಿ ಬಂದರೆ ಸಾಲು ಕೆಡುತ್ತದೆ, ಜಗಳ ಆಗುತ್ತದೆ. ಅದಕ್ಕೆ ಹೊಸದನ್ನು ಕೆಲವು ದಿನ ಮಂಕರಿ ಕೆಳಗೆ ಇಟ್ಟು, ಹಳೆಯವಕ್ಕೆ ಕಾಣುವಂತೆ ಬಿಡಿ. ಇಕ್ಕಟ್ಟು, ಸೆಕೆ, ಹಸಿವು ಇದ್ದರೂ ಕುಟುಕಾಟ ಹೆಚ್ಚುತ್ತದೆ. ಎರಡು ಮೂರು ಕಡೆ ಕಾಳು, ನೀರು ಇಡಿ. ಗಾಯವಾದ ಕೋಳಿಯನ್ನು ಬೇರೆ ಮಾಡಿ. ರಕ್ತ ಕಂಡರೆ ಉಳಿದವು ಸೇರಿ ಕುಟುಕಿ ಕೊಂದೇಬಿಡುತ್ತವೆ.

ಮನುಷ್ಯರಿಗೆ ಗಾಯವಾದರೆ? ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಸೋಪು ಹಾಕಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಆಸ್ಪತ್ರೆಗೆ ಹೋಗಿ ತೋರಿಸಿ, ಧನುರ್ವಾಯು ಆಗದಂತೆ ಸೂಜಿ ಬೇಕೇ ಎಂದು ಕೇಳಿ. ಕಣ್ಣಿನ ಹತ್ತಿರ ಏಟಾದರೆ ಕಣ್ಣನ್ನು ಉಜ್ಜಬೇಡಿ, ಅವತ್ತೇ ಹೋಗಿ.

ಎಷ್ಟು ಮಾಡಿದರೂ ಬಗ್ಗದ ಹುಂಜ ಇರುತ್ತದೆ. ಮಗುವಿನ ಕಣ್ಣಿಗಿಂತ ಹುಂಜ ದೊಡ್ಡದಲ್ಲ. ಮಾರಿಬಿಡಿ, ಇಲ್ಲವೇ ಹಬ್ಬಕ್ಕೆ ಸಾರು ಮಾಡಿ. ಕಾಳಗ ಆಡಿಸುವವರಿಗೆ ಮಾತ್ರ ಕೊಡಬೇಡಿ. ಅದು 1960ರ ಕಾಯಿದೆಯ ಪ್ರಕಾರ ತಪ್ಪು.

ಆ ಅಕ್ಕ ಏನು ಮಾಡಿದರು? ಕೋಲು ಬಿಟ್ಟರು. ಹಿತ್ತಲಿಗೆ ಬೇಲಿ ಕಟ್ಟಿ ಹುಂಜವನ್ನು ಒಳಗೆ ಹಾಕಿದರು. ದಿನಾ ತಾವೇ ಕಾಳು ಹಾಕಿದರು. ಈಗ ಅದು ಅವರ ಮೇಲೆ ಬರುವುದಿಲ್ಲ. ಮಕ್ಕಳನ್ನು ಮಾತ್ರ ಬೇಲಿ ಒಳಗೆ ಬಿಡುವುದಿಲ್ಲ. ಒಂದು ಸಂಜೆ ಆರು ಮೊಟ್ಟೆ ಸೆರಗಿನಲ್ಲಿ ಇಟ್ಟುಕೊಂಡು ಪಕ್ಕದ ಮನೆಗೆ ಹೋದರು. "ತಪ್ಪಾಯ್ತು ಕಣವ್ವ" ಅಂದರು. ಮಾತು ಮತ್ತೆ ಶುರುವಾಯಿತು.

ಈಗ ನಿಮ್ಮ ಪುಸ್ತಕ ತೆಗೆಯಿರಿ. ನೀವೂ ಬರೆಯಿರಿ:
ನಮ್ಮ ಮನೆಯಲ್ಲಿ ಹುಂಜ ಎಷ್ಟು? ಹೇಂಟೆ ಎಷ್ಟು?
ಯಾವುದು ಯಾವುದನ್ನು ಕುಟುಕುತ್ತದೆ? ಯಾಕೆ?