ಮಗುವಿನ ಹಾಡು ಯಾರ ಕೊರಳಲ್ಲಿ?



ಮಕ್ಕಳ ಚಿತ್ರಗಳ, ಕಾರ್ಟೂನ್ ಚಿತ್ರಗಳ, ಮನೆಮಂದಿಯೆಲ್ಲ ಕೂಡಿ ನೋಡುವ ಚಿತ್ರಗಳ ಸಂಗೀತದ ಇತಿಹಾಸವನ್ನು ಅಮೆರಿಕದ ವಾಲ್ಟ್ ಡಿಸ್ನಿಯಿಂದ ಆರಂಭಿಸುವುದು ರೂಢಿ. ನಾವು ಮಾತ್ರ ಇಂದು ಬೆಳಗಾವಿಯಿಂದ ಹೊರಟು, ಹೊರಗಿನ ಲೋಕವನ್ನು ಸುತ್ತಿ, ಖಾನಾಪುರಕ್ಕೆ ಬಂದು ನಿಲ್ಲೋಣ. ಈ ಭಾಗದಲ್ಲಿ ಬೆಳೆದವರ ಕಿವಿಗೆ ಎಳವೆಯಿಂದಲೇ ಕನ್ನಡ, ಮರಾಠಿ, ಹಿಂದಿ, ಉರ್ದು, ಕೊಂಕಣಿ ಹಾಡುಗಳು ಬಿದ್ದಿರುತ್ತವೆ. ಹಾಗಾಗಿ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ನೀವು ಮೊದಲು ಕಲಿತ ಸಿನಿಮಾ ಹಾಡನ್ನು ನೆನಪಿಸಿಕೊಳ್ಳಿ. ಅದನ್ನು ಹಾಡಿದ್ದು ಮಗುವೋ, ದೊಡ್ಡವರೋ? ಅದು ಯಾವ ಭಾಷೆಯಲ್ಲಿತ್ತು? ಮಕ್ಕಳ ಚಿತ್ರಸಂಗೀತದ ಮೈಲಿಗಲ್ಲುಗಳೆಲ್ಲ ಈ ಎರಡು ಪ್ರಶ್ನೆಗಳ ದಾರಿಯಲ್ಲೇ ನೆಟ್ಟು ನಿಂತಿವೆ.

ಮೊದಲ ಕಲ್ಲು 1934ರದು. ಆ ವರ್ಷ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತಯಾರಾದದ್ದು ಬೆಳಗಾವಿಗೆ ನೆರೆಯ ಕೊಲ್ಲಾಪುರದ ಛತ್ರಪತಿ ಸಿನಿಟೋನ್ ಸ್ಟುಡಿಯೋದಲ್ಲಿ. ಅದೇ ವರ್ಷ ಬಂದ ಇನ್ನೊಂದು ಚಿತ್ರ 'ಭಕ್ತ ಧ್ರುವ'. ಅದರಲ್ಲಿ ಧ್ರುವನಾದವನು ಮಾಸ್ಟರ್ ಮುತ್ತು ಎಂಬ ಬಾಲನಟ. ಆಗ ಹಿನ್ನೆಲೆ ಗಾಯನವೆಂಬುದು ಇನ್ನೂ ಬಂದಿರಲಿಲ್ಲ. ಪಾತ್ರ ಮಾಡುವವರೇ ಕ್ಯಾಮೆರಾ ಮುಂದೆ ನಿಂತು ಹಾಡಬೇಕು. ಹಾಡಿನ ಧಾಟಿ ಮಾತ್ರ ಕಂಪನಿ ನಾಟಕದ್ದು. ಪೇಟಿ ಮಾಸ್ತರರು ದೊಡ್ಡವರ ಕಂಠಕ್ಕೆ ಹದಗೊಳಿಸಿದ ರಂಗಗೀತೆಯ ಧಾಟಿ. ಅಂದರೆ, ಕೊರಳು ಮಗುವಿನದು, ಹಾಡು ಹಿರಿಯರದು.

ಈ ಮಾತಿಗೆ ಬೆಳಗಾವಿಯ ನೆಲದಲ್ಲೇ ಒಂದು ದೊಡ್ಡ ನಿದರ್ಶನವಿದೆ. ನಗರದ ಸಮೀಪದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಹುಡುಗ, ಗ್ರಾಮಾಫೋನ್ ತಟ್ಟೆಗಳಲ್ಲಿ ಕೇಳಿದ ಹಿರಿಯ ಉಸ್ತಾದರ ಗಾಯನವನ್ನು ಇದ್ದಕ್ಕಿದ್ದಂತೆ ಹಾಡಿ ತೋರಿಸಿ ಸಭೆಗಳನ್ನು ಬೆರಗುಗೊಳಿಸುತ್ತಿದ್ದ. ಅವನೇ ಕುಮಾರ ಗಂಧರ್ವ. ಅವರ ದೊಡ್ಡಸ್ತಿಕೆ ಆ ಅನುಕರಣೆಯಲ್ಲಿ ನಿಲ್ಲಲಿಲ್ಲ. ಮುಂದೆ ಮಧ್ಯಪ್ರದೇಶದ ದೇವಾಸದಲ್ಲಿ ನೆಲೆಸಿ, ಮಾಳವ ಪ್ರಾಂತದ ಜನಪದ ಹಾಡುಗಳಿಗೆ ಕಿವಿಗೊಟ್ಟು, ತಮ್ಮದೇ ಆದ ಗಾಯನವನ್ನು ಕಟ್ಟಿಕೊಂಡರು. ಅನುಕರಣೆಯಿಂದ ಸ್ವಂತ ದನಿಗೆ ನಡೆದ ಈ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮಕ್ಕಳ ಚಿತ್ರಗೀತೆಯೂ ಅದೇ ದಾರಿಯಲ್ಲಿ ನಡೆಯಬೇಕಾಯಿತು.

ಇನ್ನು ಅಮೆರಿಕದತ್ತ ನೋಡೋಣ. 1928ರ ನವೆಂಬರಿನಲ್ಲಿ ತೆರೆಕಂಡ 'ಸ್ಟೀಮ್‌ಬೋಟ್ ವಿಲ್ಲಿ' ಎಂಬ ಮಿಕ್ಕಿ ಮೌಸ್ ಚಿತ್ರದಲ್ಲಿ ಇಲಿಯ ಕುಣಿತಕ್ಕೂ ವಾದ್ಯದ ಪೆಟ್ಟಿಗೂ ಕೂದಲೆಳೆಯಷ್ಟೂ ಅಂತರವಿರಲಿಲ್ಲ. ಇದರ ಗುಟ್ಟು ಸರಳ ಗಣಿತ. ವಾಕ್ಚಿತ್ರದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಹನ್ನೆರಡು ಚಿತ್ರಕ್ಕೊಂದು ಪೆಟ್ಟು ಎಂದು ಗೊತ್ತುಮಾಡಿದರೆ ಸೆಕೆಂಡಿಗೆ ಎರಡು ಪೆಟ್ಟು, ನಿಮಿಷಕ್ಕೆ 120. ನಮ್ಮ ಹಿಂದುಸ್ತಾನಿ ಪದ್ಧತಿಯ ತೀನ್ ತಾಳವನ್ನು ಈ ಲಯದಲ್ಲಿ ಬಾರಿಸಿದರೆ ಅದರ 16 ಮಾತ್ರೆಗಳ ಒಂದು ಆವರ್ತಕ್ಕೆ 8 ಸೆಕೆಂಡು, ಅಂದರೆ 192 ಚಿತ್ರಗಳು. ಡಿಸ್ನಿಯ ಬಳಗದ ವಿಲ್ಫ್ರೆಡ್ ಜ್ಯಾಕ್ಸನ್ ಮೆಟ್ರೊನೋಮ್ ಇಟ್ಟುಕೊಂಡು ಹಾಕಿದ ಲೆಕ್ಕವೂ ಇದೇ ಬಗೆಯದು. ಕಾರ್ಟೂನ್ ಚಿತ್ರದಲ್ಲಿ ಸಂಗೀತವು ಕೊನೆಗೆ ಹಚ್ಚುವ ಬಣ್ಣವಲ್ಲ, ಮೊದಲೇ ಹಾಕುವ ಅಡಿಪಾಯ ಎಂಬುದು ಅಲ್ಲಿಂದ ಸ್ಥಿರವಾಯಿತು.

1937ರ 'ಸ್ನೋ ವೈಟ್ ಅಂಡ್ ದಿ ಸೆವೆನ್ ಡ್ವಾರ್ಫ್ಸ್' ಮುಂದಿನ ಹೆಜ್ಜೆ. ಅದರಲ್ಲಿ ಹಾಡು ಕಥೆಯ ನಡುವಿನ ವಿರಾಮವಾಗಲಿಲ್ಲ. ಕಥೆಯನ್ನೇ ಮುಂದಕ್ಕೆ ನಡೆಸಿತು. ಮರುವರ್ಷ ಚಿತ್ರದ ಧ್ವನಿಪಥವೇ ಗ್ರಾಮಾಫೋನ್ ತಟ್ಟೆಗಳಾಗಿ ಮಾರಾಟಕ್ಕೆ ಬಂದು, ಚಿತ್ರಮಂದಿರದ ಹಾಡು ಮನೆಯೊಳಕ್ಕೆ ಕಾಲಿಟ್ಟಿತು. 1940ರ 'ಪಿನೋಕಿಯೋ' ಚಿತ್ರದಲ್ಲಿ ಮರದ ಬೊಂಬೆಯ ಹುಡುಗನಿಗೆ ದನಿಯಾದವನು ನಿಜವಾದ ಹುಡುಗ, ಡಿಕಿ ಜೋನ್ಸ್. ಆದರೆ ಆಸ್ಕರ್ ಪ್ರಶಸ್ತಿ ಗಳಿಸಿದ ಅದರ ಹೆಸರಾಂತ ಹಾಡನ್ನು ಹಾಡಿದವರು ದೊಡ್ಡವರೇ.

ನಮ್ಮ ದೇಶದಲ್ಲಿ 1935ರ ಬಂಗಾಳಿ ಚಿತ್ರ 'ಭಾಗ್ಯಚಕ್ರ'ದೊಂದಿಗೆ ಹಿನ್ನೆಲೆ ಗಾಯನ ಬಂದ ಮೇಲೆ ಪರಿಸ್ಥಿತಿ ತಿರುಗುಮುರುಗಾಯಿತು. ತೆರೆಯ ಮೇಲೆ ಮಗು ತುಟಿಯಾಡಿಸುತ್ತದೆ. ಮೈಕಿನ ಮುಂದೆ ಹಿರಿಯ ಗಾಯಕಿ ನಿಂತಿರುತ್ತಾರೆ. 1954ರ 'ಬೂಟ್ ಪಾಲಿಶ್' ಚಿತ್ರದಲ್ಲಿ ಶಂಕರ್-ಜೈಕಿಶನ್ ಸಂಗೀತಕ್ಕೆ ಬೀದಿಮಕ್ಕಳ ದನಿಯಾದವರು ಸಾಂಗ್ಲಿಯಲ್ಲಿ ಹುಟ್ಟಿದ ಆಶಾ ಭೋಸಲೆ. ದಕ್ಷಿಣದಲ್ಲಿ ಎಸ್. ಜಾನಕಿ ಪುಟ್ಟ ಮಗುವಿನ ಕಂಠ ತಂದು ಹಾಡುವುದರಲ್ಲಿ ಹೆಸರಾದರು. ಇದಕ್ಕೆ ಕಾರಣವೂ ಇತ್ತು. ಅಂದಿನ ಧ್ವನಿಮುದ್ರಣದಲ್ಲಿ ಗಾಯಕರೂ ಇಡೀ ವಾದ್ಯವೃಂದವೂ ಒಟ್ಟಿಗೇ ನುಡಿಯಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಆರಂಭಿಸಬೇಕು. ಮಗುವಿನ ಉಸಿರು ಗಿಡ್ಡ, ದಣಿವು ಬೇಗ. ಹೀಗಾಗಿ ಹಾಡು ಮಗುವಿನದಾಯಿತು, ಕೊರಳು ಹಿರಿಯರದಾಯಿತು. ಆ ಹಾಡುಗಳ ಸೊಗಸನ್ನು ಯಾರೂ ಅಲ್ಲಗಳೆಯಲಾರರು. ಆದರೂ ಅಭ್ಯಾಸವಿಲ್ಲದ ಕೊರಳಿನಲ್ಲಿ ಒಂದು ಹಸಿತನವಿರುತ್ತದೆ. ಅದು ಪಳಗಿದ ಕಂಠಕ್ಕೆ ಸುಲಭವಾಗಿ ಒಲಿಯುವುದಿಲ್ಲ.

ಆ ಹಸಿತನವನ್ನು ದೇಶವೆಲ್ಲ ಕೇಳುವಂತೆ ಮಾಡಿದ್ದು 1974ರಲ್ಲಿ ಫಿಲ್ಮ್ಸ್ ಡಿವಿಜನ್ ತಯಾರಿಸಿದ 'ಏಕ್ ಅನೇಕ್ ಔರ್ ಏಕತಾ' ಎಂಬ ಕಿರುಚಿತ್ರ. ವಿಜಯಾ ಮುಳೆ ರೂಪಿಸಿದ, ಭೀಮಸೇನ್ ಚಿತ್ರಿಸಿದ ಈ ಆನಿಮೇಷನ್ ಚಿತ್ರಕ್ಕೆ ಸಂಗೀತ ನೀಡಿದವರು ವಸಂತ ದೇಸಾಯಿ. ಬೆಳಗಾವಿಯಿಂದ ಘಟ್ಟವಿಳಿದರೆ ಸಿಗುವ ಸಾವಂತವಾಡಿ ಸೀಮೆಯವರು. ಅದರಲ್ಲಿ ಹಾಡಿದ ಪುಟ್ಟ ಹುಡುಗಿಯೇ ಮುಂದೆ ಪ್ರಸಿದ್ಧ ಗಾಯಕಿಯಾದ ಸಾಧನಾ ಸರಗಮ್. ದೂರದರ್ಶನದಲ್ಲಿ ಮತ್ತೆ ಮತ್ತೆ ಬಂದ ಈ ಚಿತ್ರದ ಹಾಡು ಮಕ್ಕಳಿಗೆ ಬಾಯಿಪಾಠವಾಯಿತು.

ಕನ್ನಡದಲ್ಲಿ ಆ ಗಳಿಗೆ ಪುನೀತ್ ರಾಜ್‌ಕುಮಾರ್ ರೂಪದಲ್ಲಿ ಬಂತು. 1975ರಲ್ಲಿ ಹುಟ್ಟಿದ ಅವರು ಏಳು ವರ್ಷ ತುಂಬುವುದಕ್ಕೆ ಮುಂಚೆಯೇ 'ಭಾಗ್ಯವಂತ' ಚಿತ್ರದಲ್ಲಿ ಟಿ. ಜಿ. ಲಿಂಗಪ್ಪನವರ ಸಂಗೀತಕ್ಕೆ ತಾವೇ ಹಾಡಿದರು. 1982ರ 'ಚಲಿಸುವ ಮೋಡಗಳು' ಚಿತ್ರದಲ್ಲಿ ರಾಜನ್-ನಾಗೇಂದ್ರರಿಗಾಗಿ ಹಾಡಿದರು. ಈ ಹಾಡುಗಳನ್ನು ಗಮನವಿಟ್ಟು ಕೇಳಿ. ಸಾಲುಗಳು ಚಿಕ್ಕವು, ಸಾಲಿನ ಕೊನೆಯಲ್ಲಿ ಉಸಿರೆಳೆದುಕೊಳ್ಳಲು ಎಡೆಯಿದೆ, ಶ್ರುತಿ ಎಳೆಯ ಕಂಠಕ್ಕೆ ಒಗ್ಗುವಂತಿದೆ. ಮಗುವನ್ನು ಹಾಡಿಗೆ ಬಗ್ಗಿಸುವ ಬದಲು ಹಾಡನ್ನೇ ಮಗುವಿಗೆ ಬಗ್ಗಿಸಿದ್ದಾರೆ. ಹಾಡೂ ಮಗುವಿನದು, ಕೊರಳೂ ಮಗುವಿನದು.

1985ರ 'ಬೆಟ್ಟದ ಹೂವು' ಇದರ ಶಿಖರ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ಈ ಚಿತ್ರದ ಬಡ ಹುಡುಗ ರಾಮು, ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳುವ ಆಸೆಯಿಂದ ಕಾಡಿನ ಆರ್ಕಿಡ್ ಹೂಗಳನ್ನು ಹುಡುಕಿ ತಂದು ಮಾರಿ ಕಾಸು ಕೂಡಿಸುತ್ತಾನೆ. ಕೊನೆಗೆ ಆ ಹಣದಿಂದ ಮನೆಯವರಿಗೆ ಕಂಬಳಿ ಕೊಳ್ಳುತ್ತಾನೆ. ಖಾನಾಪುರದ ಕಾಡಂಚಿನ ಹಳ್ಳಿಗಳಿಂದ ಶಾಲೆಗೆ ನಡೆದುಬರುವ ನಿಮ್ಮಲ್ಲಿ ಕೆಲವರಿಗೆ ಈ ರಾಮು ಅಪರಿಚಿತನಲ್ಲ. ಈ ಪಾತ್ರಕ್ಕೆ ಪುನೀತ್ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಪಡೆದರು. 1993ರಲ್ಲಿ ಟಿ. ಎಸ್. ನಾಗಾಭರಣರ 'ಚಿನ್ನಾರಿ ಮುತ್ತ' ಬಂತು. ಎಚ್. ಎಸ್. ವೆಂಕಟೇಶಮೂರ್ತಿಯವರ ಗೀತೆಗಳು, ಸಿ. ಅಶ್ವತ್ಥರ ಸಂಗೀತ. ಭಾವಗೀತೆಯ ಪರಂಪರೆ ಮಕ್ಕಳ ಸಿನಿಮಾದೊಡನೆ ಬೆರೆತು, ಆ ಹಾಡುಗಳು ಶಾಲೆಯ ವಾರ್ಷಿಕೋತ್ಸವಗಳಿಗೆ ನಡೆದುಹೋದವು.

ಇನ್ನು ಎರಡನೆಯ ಪ್ರಶ್ನೆ, ಭಾಷೆಯದು. 1993ರಲ್ಲಿ ದೂರದರ್ಶನ ಪ್ರಸಾರ ಮಾಡಿದ 'ಜಂಗಲ್ ಬುಕ್' ಧಾರಾವಾಹಿಯ ಕಥೆ ಇಂಗ್ಲಿಷಿನದು, ಚಿತ್ರ ಜಪಾನಿನದು. ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ಸಂಗೀತ ನೀಡಿದ ಶೀರ್ಷಿಕೆ ಗೀತೆ ಹಿಂದಿಯದು. ಬೆಳಗಾವಿಯ ಮಕ್ಕಳೂ ಅದನ್ನು ಹಿಂದಿಯಲ್ಲೇ ಹಾಡಿದರು. ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬುದು ನಮ್ಮ ಚಿತ್ರೋದ್ಯಮದ ದಶಕಗಳ ನಿಲುವಾಗಿತ್ತು. ಇಲ್ಲಿಯ ಕಲಾವಿದರ ಅನ್ನ ಉಳಿಯಲಿ ಎಂಬ ಕಾಳಜಿ ಅದರ ಹಿಂದಿತ್ತು. ಆದರೆ ಅದರ ಇನ್ನೊಂದು ಫಲವಾಗಿ ಕಾರ್ಟೂನ್ ಲೋಕದ ಬಹುಪಾಲು ಕನ್ನಡದ ಮಕ್ಕಳಿಗೆ ಪರಭಾಷೆಯಲ್ಲೇ ದೊರೆಯಿತು. 2009ರಲ್ಲಿ ಚಿಂಟು ಟಿವಿ ಕನ್ನಡ ಮಾತಾಡುವ ಕಾರ್ಟೂನ್‌ಗಳನ್ನು ತಂದಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸಲ್ಲದೆಂದು ಆದೇಶಿಸಿತು. 2025ರ 'ಮಹಾವತಾರ ನರಸಿಂಹ' ಎಂಬ ಆನಿಮೇಷನ್ ಚಿತ್ರದಲ್ಲಿ ಪ್ರಹ್ಲಾದನು ಕನ್ನಡದಲ್ಲೂ ಮಾತಾಡಿದ. ಸಂಗೀತ ಸ್ಯಾಮ್ ಸಿ. ಎಸ್. ಅವರದು. ಇದರ ನಡುವೆ ಒಂದು ವಿಚಿತ್ರವನ್ನೂ ನೋಡಿ. ಕನ್ನಡದ ಪ್ರತಿ ಮಗುವೂ ಬಲ್ಲ ಗೋವಿನ ಹಾಡಿನ ಕಥೆ ಬೆಂಗಳೂರಿನವರ ಕೈಯಲ್ಲಿ 'ಪುಣ್ಯಕೋಟಿ' ಎಂಬ ಆನಿಮೇಷನ್ ಚಿತ್ರವಾಯಿತು, ಇಳಯರಾಜಾ ಅವರ ಸಂಗೀತವೂ ದೊರೆಯಿತು. ಆದರೆ ಚಿತ್ರದ ಭಾಷೆ ಸಂಸ್ಕೃತ.

ಭಾಷೆಯ ಈ ಪ್ರಶ್ನೆ ಎಷ್ಟು ಗಂಭೀರವೆಂಬುದನ್ನು ತೋರಿದ್ದು 2018ರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' ಚಿತ್ರ. ರಿಷಬ್ ಶೆಟ್ಟಿ ನಿರ್ದೇಶನ, ವಾಸುಕಿ ವೈಭವ್ ಸಂಗೀತ. ಮುಚ್ಚಿಹೋಗಲಿರುವ ಗಡಿನಾಡ ಕನ್ನಡ ಶಾಲೆಯನ್ನು ಮಕ್ಕಳು ಉಳಿಸಿಕೊಳ್ಳುವ ಕಥೆಯದು. ಶ್ರೇಷ್ಠ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಕನ್ನಡ ಶಾಲೆಯೂ ಮರಾಠಿ ಶಾಲೆಯೂ ಅಕ್ಕಪಕ್ಕ ನಡೆಯುವ ಖಾನಾಪುರದಲ್ಲಿ ಕುಳಿತು ಇದನ್ನು ನೋಡಿದರೆ ಒಂದು ಮಾತು ಹೊಳೆಯುತ್ತದೆ. ಮಗು ಯಾವ ಭಾಷೆಯದೇ ಆಗಲಿ, ತಾಯಿಯ ಮಾತಿನಲ್ಲಿ ಅದಕ್ಕೊಂದು ಹಾಡಿಲ್ಲವಾದರೆ, ಆ ಮಾತು ಹಿರಿಯರದು, ತನ್ನದಲ್ಲ ಎಂದು ಅದು ತಿಳಿದುಕೊಳ್ಳುತ್ತದೆ. ಕನ್ನಡದ ಮಗುವಿಗೆ ಸಲ್ಲಬೇಕಾದ್ದು ಮರಾಠಿಯ, ಕೊಂಕಣಿಯ ಮಗುವಿಗೂ ಸಲ್ಲಬೇಕು.

ಇನ್ನು ಮುಂದಿನ ಮೈಲಿಗಲ್ಲನ್ನು ನೆಡುವವರು ಯಾರು? ನಮ್ಮ ಭಾಗದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಮಣ್ಣಿನ ಎತ್ತುಗಳನ್ನು ಮಾಡುತ್ತಾರೆ. ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ, ಗುಲಗಂಜಿಯಿಂದ ಸಿಂಗರಿಸಿ, ಸುತ್ತ ಕುಳಿತು ಹಾಡುತ್ತಾರೆ. ಮಗುವಿನ ಕೈಯ ಬೊಂಬೆ, ಮಗುವಿನ ಕೊರಳ ಹಾಡು ಎರಡೂ ಒಂದೇ ಕಡೆ ಇವೆ. ಖಾನಾಪುರದ ಜೇಡಿಮಣ್ಣಂತೂ ಕುಂಬಾರಿಕೆಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಕುಂಬಾರಿಕೆ ತರಬೇತಿಗೆ ಆರಿಸಿಕೊಂಡ ಊರದು.

ಆದ್ದರಿಂದ ಒಂದು ಕೆಲಸ ಮಾಡಿ. ಮನೆಯ ಅಜ್ಜಿಯಿಂದ ಒಂದು ಗುಳ್ಳವ್ವನ ಹಾಡು ಕಲಿತು, ಅದನ್ನು ನಿಮ್ಮ ತಂಗಿಯಿಂದಲೋ ತಮ್ಮನಿಂದಲೋ ಹಾಡಿಸಿ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಹಾಡು ಮೊದಲು, ಚಿತ್ರ ಆಮೇಲೆ. ತಾಳದ ಪೆಟ್ಟುಗಳನ್ನು ಎಣಿಸಿ. ಬಳಿಕ ಮಣ್ಣಿನ ಬೊಂಬೆಯನ್ನು ಕೂದಲೆಳೆಯಷ್ಟು ಸರಿಸುತ್ತ ಒಂದೊಂದೇ ಫೋಟೋ ತೆಗೆಯಿರಿ. ಸೆಕೆಂಡಿಗೆ 12 ಚಿತ್ರ ಸಾಕು. 20 ಸೆಕೆಂಡಿನ ಹಾಡಿಗೆ 240 ಚಿತ್ರಗಳಾದವು. ಗೆಳೆಯರು ನಾಲ್ವರು ಕೂಡಿದರೆ ಒಂದು ರವಿವಾರದ ಕೆಲಸ. ಆ ಇಪ್ಪತ್ತು ಸೆಕೆಂಡಿನಲ್ಲಿ ಕೊರಳೂ ಹಾಡೂ ಮಾತೂ ಮಣ್ಣೂ ನಿಮ್ಮವೇ ಆಗಿರುತ್ತವೆ.