ವಾರ್ತೆ ಓದುವಾಕಿಗೆ ಅವ್ವನ ನಮಸ್ಕಾರ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ತಿಂಗಳು 'ನಮ್ಮೂರ ಟಿವಿ' ಬಗ್ಗೆ ಮಾತಾಡಿ ಎಂದು ಕಾರ್ಯದರ್ಶಿಗಳು ಹೇಳಿದಾಗ ಸುಲಭ ಅನ್ನಿಸಿತ್ತು. ಹಳೆಯ ವಾರ್ತಾವಾಚಕಿಯರ ಸೀರೆ, ಬಿಂದಿ, ಸಲ್ಮಾ ಸುಲ್ತಾನ್ ಅವರ ಕಿವಿಯ ಹಿಂದಿನ ಗುಲಾಬಿ, ಇಷ್ಟು ಹೇಳಿದರೆ 15 ನಿಮಿಷ ಹೇಗೂ ಕಳೆಯುತ್ತದೆ ಅಂದುಕೊಂಡೆ. ಬರೆಯಲು ಕೂತಾಗ ಎರಡು ಫೋನ್ ಕರೆಗಳು ನೆನಪಾದವು. ಅಲ್ಲಿಂದ ಮುಂದೆ ವಿಷಯ ಅಷ್ಟು ಸುಲಭ ಇರಲಿಲ್ಲ.

ಮೊದಲನೆಯದು 2022ರ ಜೂನ್ ತಿಂಗಳದ್ದು. ನನ್ನ ಮಗಳು ಹುಟ್ಟಿ ಬೆಳೆದದ್ದೆಲ್ಲ ಪುಣೆಯಲ್ಲಿ, ಈಗಿರುವುದು ಕೆನಡಾದಲ್ಲಿ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿದಳು. ದನಿ ಒಡೆದಿತ್ತು. ಏನೋ ಆಗಬಾರದ್ದು ಆಗಿದೆ ಎಂದು ನನ್ನ ಎದೆ ಧಸಕ್ಕೆಂದಿತು. "ಅಮ್ಮಾ, ಪ್ರದೀಪ್ ಭಿಡೆ ಹೋದರಂತೆ" ಅಂದಳು. ಮುಂಬಯಿ ದೂರದರ್ಶನದಲ್ಲಿ ದಶಕಗಳ ಕಾಲ ಮರಾಠಿ 'ಬಾತಮ್ಯಾ' ಓದಿದ ಭಿಡೆಯವರು. ನಮ್ಮ ಮನೆಯಲ್ಲಿ ಅವರ ದನಿ ಕೇಳಿತೆಂದರೆ ನಾನು ಕುಕ್ಕರ್ ಇಡುವ ಹೊತ್ತು, ಅವಳು ಪಾಟಿಚೀಲ ಬಿಚ್ಚುವ ಹೊತ್ತು.

ಎರಡನೆಯದು 2024ರ ಜುಲೈ 11ರಂದು ಅಪರ್ಣಾ ತೀರಿಕೊಂಡಾಗಿನದು. ಈ ಸಲ ಫೋನ್ ಮಾಡಿದವಳು ನಾನು. ಎಲ್ಲ ಕೇಳಿಸಿಕೊಂಡು ಮಗಳು ಮೆತ್ತಗೆ ಕೇಳಿದಳು: "ಅಪರ್ಣಾ ಅಂದರೆ ಯಾರಮ್ಮಾ?"

ಅವಳ ಮೇಲೆ ಸಿಟ್ಟು ಬರಲಿಲ್ಲ. ಎಲ್ಲೋ ಲೆಕ್ಕ ತಪ್ಪಿದ್ದೇನೆ ಅನ್ನಿಸಿತು. ಹಾಗಾಗಿ ಇವತ್ತು ಆ ಲೆಕ್ಕವನ್ನು ಮೊದಲಿನಿಂದ ಮಾಡುತ್ತೇನೆ, ಸ್ವಲ್ಪ ಸಹಿಸಿಕೊಳ್ಳಿ.

ನಾನು ಕಲಬುರಗಿ ಜಿಲ್ಲೆಯ ಹಳ್ಳಿಯವಳು. ಕರ್ನಾಟಕಕ್ಕೆ ಟಿವಿ ಬೆಂಗಳೂರಿನಿಂದ ಬಂತು ಎಂದು ಎಷ್ಟೋ ಜನ ನಂಬಿದ್ದಾರೆ. ನಮ್ಮ ಕಡೆಯವರಿಗೆ ಬಡಾಯಿ ಕೊಚ್ಚಿಕೊಳ್ಳಲು ಇರುವುದು ಕಡಿಮೆ, ಆದ್ದರಿಂದ ಇದನ್ನು ಬಿಡುವುದಿಲ್ಲ: ಟಿವಿ ಮೊದಲು ಬಂದದ್ದು ನಮ್ಮಲ್ಲಿಗೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಇಸ್ರೋದವರು 'ಸೈಟ್' ಎಂಬ ಪ್ರಯೋಗ ನಡೆಸಿದರು. ಅಮೆರಿಕದ ನಾಸಾ ಸಂಸ್ಥೆಯ ಉಪಗ್ರಹವನ್ನು ಎರವಲು ಪಡೆದು, 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ತೋರಿಸಿದರು. ಕರ್ನಾಟಕದಲ್ಲಿ ಆರಿಸಿದ್ದು ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳನ್ನು. ನಮ್ಮ ಶಾಲೆಯ ಅಂಗಳದಲ್ಲಿ ಕೋಳಿಗೂಡಿನ ಜಾಳಿಗೆಯಂಥದ್ದರಿಂದ ಮಾಡಿದ ದೊಡ್ಡ ಕೊಡೆಯಂಥ ಆಂಟೆನಾ, ಪಡಸಾಲೆಯಲ್ಲಿ ಪೆಟ್ಟಿಗೆ. ನನಗೆ ಆಗ 9 ವರ್ಷ. ಸಂಜೆ ಆಯಿತೆಂದರೆ ಇಡೀ ಊರು ಗೋಣಿತಟ್ಟು ಹಾಸಿಕೊಂಡು ಕೂಡುತ್ತಿತ್ತು.

ಆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಬಿತ್ತನೆ, ದನಕರು, ಕೂಸಿನ ಆರೈಕೆ, ಇಂಥವೇ ವಿಷಯ. ಏನು ಹೇಳಿದರೋ ಒಂದೂ ನೆನಪಿಲ್ಲ. ನೆನಪಿರುವುದು ಇಷ್ಟೇ. ಪರದೆಯ ಮೇಲೆ ಹೆಣ್ಣುಮಗಳೊಬ್ಬಳು ಕಾಣಿಸಿಕೊಂಡು ಕೈ ಮುಗಿದಳು. ನನ್ನವ್ವ ತಲೆ ಮೇಲೆ ಸೆರಗು ಎಳೆದುಕೊಂಡು ತಿರುಗಿ ಕೈ ಮುಗಿದಳು. ನಾವು ಹುಡುಗರು ನಕ್ಕೆವು. ಅವ್ವ ಗದರಿಸಿದಳು: "ಆಕಿ ನಮಗ ನಮಸ್ಕಾರ ಮಾಡ್ಯಾಳ. ತಿರುಗಿ ಮಾಡ್ಲಿಲ್ಲಂದ್ರ ಹೆಂಗ?"

ಪ್ರಯೋಗ ಮುಗಿದ ಮೇಲೆ, 1977ರಲ್ಲಿ ಕಲಬುರಗಿಗೆ ಸ್ವಂತ ಪ್ರಸಾರ ಕೇಂದ್ರ ಬಂತು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಮುಂದೆ ಊರೂರಿಗೂ ಚಿಕ್ಕ ಚಿಕ್ಕ ಮರುಪ್ರಸಾರ ಕೇಂದ್ರಗಳು ಎದ್ದವು. ಆದರೆ ಅವು ಹೆಚ್ಚಾಗಿ ತರುತ್ತಿದ್ದುದು ದೆಹಲಿಯ ಕಾರ್ಯಕ್ರಮ. ಕರ್ನಾಟಕದಲ್ಲೇ ಇದ್ದು ಬೆಂಗಳೂರಿನ ಕನ್ನಡ ವಾರ್ತೆಯ ಮುಖ ಕಾಣದೆ, ಹಿಂದಿ ಸಮಾಚಾರ ನೋಡುತ್ತಾ ಬೆಳೆದ ಊರುಗಳು ಎಷ್ಟಿದ್ದವೋ. ಅವರ ಪಾಲಿಗೆ ಊರಿನ ದನಿ ಅಂದರೆ ಧಾರವಾಡ ಆಕಾಶವಾಣಿ. ಇಲ್ಲಿ ಕೂತಿರುವ ಮೈಸೂರು, ಬೆಂಗಳೂರಿನ ಗೆಳತಿಯರು "ಆಗಿನ ಕಾಲದ ಕನ್ನಡ ದೂರದರ್ಶನ" ಎಂದು ಕಣ್ಣರಳಿಸಿದಾಗ, ನಮ್ಮ ಕಡೆಯ ಹಲವರು ಸುಮ್ಮನೆ ತಲೆಯಾಡಿಸುವುದು ಇದಕ್ಕೇ.

1988ರ ಬೇಸಿಗೆಯಲ್ಲಿ ಮದುವೆಯಾಗಿ ಪುಣೆಗೆ ಬಂದೆ. ಪುಣೆಗೆ ಟಿವಿ 1973ರಲ್ಲೇ ಬಂದಿತ್ತು. ಸಿಂಹಗಡದ ಮೇಲಿನ ಗೋಪುರದಿಂದ ಮುಂಬಯಿ ಕೇಂದ್ರದ ಕಾರ್ಯಕ್ರಮ. ಆ ಮುಂಬಯಿ ಕೇಂದ್ರದಲ್ಲಿ ಮೊದಮೊದಲು ಮರಾಠಿ ವಾರ್ತೆ ಓದಿದವರಲ್ಲಿ ಪುಣೆಯ ಹುಡುಗಿಯೊಬ್ಬಳಿದ್ದಳು, ಸ್ಮಿತಾ ಪಾಟೀಲ್. ಕ್ಯಾಮೆರಾಕ್ಕೆ ಸೊಂಟದ ಕೆಳಗೆ ಕಾಣುವುದಿಲ್ಲ ಎಂದು ಜೀನ್ಸ್ ಮೇಲೆಯೇ ಸೀರೆ ಸುತ್ತಿಕೊಂಡು ಕೂಡುತ್ತಿದ್ದರಂತೆ. ಆಕೆ ಮುಂದೆ ನಾಗಾಭರಣರ 'ಅನ್ವೇಷಣೆ'ಯಲ್ಲಿ ಕನ್ನಡಕ್ಕೂ ಬಂದರು. ನಾನು ಪುಣೆಗೆ ಬರುವ ಹೊತ್ತಿಗೆ ಆಕೆ ಇರಲಿಲ್ಲ.

ನಾನು ಮರಾಠಿ ಕಲಿತದ್ದು ವಾರ್ತೆಯಿಂದ. ಪಕ್ಕದ ಮನೆಯ ಕಾಕೂ ಮಾತಾಡಿದರೆ ಅರ್ಧ ತಿಳಿಯುತ್ತಿರಲಿಲ್ಲ. ಭಿಡೆಯವರು ಓದಿದರೆ ತಿಳಿಯುತ್ತಿತ್ತು, ಒಂದೊಂದು ಶಬ್ದವೂ ಬಿಡಿಬಿಡಿ. ಬೆಳಿಗ್ಗೆ ರೇಡಿಯೋದಲ್ಲಿ ಪುಣೆ ಆಕಾಶವಾಣಿಯ ಸುಧಾ ನರವಣೆ. (ಮುಂದೆ ಭೂಸೇನೆಯ ಮುಖ್ಯಸ್ಥರಾದ ಜನರಲ್ ಮನೋಜ್ ನರವಣೆಯವರ ತಾಯಿ. ನಮ್ಮ ಓಣಿಯ ಹೆಂಗಸರು ಮಾತ್ರ "ಸುಧಾತಾಯಿಯ ಮಗ ಜನರಲ್ ಆದ" ಅಂದರು.) ಅವರ ಹಿಂದೆಯೇ ನಾನೂ ತುಟಿ ಆಡಿಸುತ್ತಾ ಚಪಾತಿ ಲಟ್ಟಿಸುತ್ತಿದ್ದೆ. ಊರು ಬಿಟ್ಟು ಬಂದವಳಿಗೆ ಹೊಸ ಊರಿನ ಭಾಷೆಯನ್ನು ನಗದೆ, ಬೇಸರಿಸದೆ ಕಲಿಸಿದವರು ಇವರು. ಈ ಋಣ ಹೇಳದೆ ಕನ್ನಡದ ಹಂಬಲ ಹೇಳಿಕೊಂಡರೆ ತಪ್ಪಾಗುತ್ತದೆ.

ಹಂಬಲ ಇದ್ದೇ ಇತ್ತು. ಅದೇ ವರ್ಷ ಆಗಸ್ಟ್ 15ರಂದು 'ಮಿಲೇ ಸುರ್ ಮೇರಾ ತುಮ್ಹಾರಾ' ಬಂತು. ಶುರುವಿನಲ್ಲಿ ನಮ್ಮ ಭೀಮಸೇನ ಜೋಶಿಯವರು, ಗದಗದ ನೆಲದವರು, ಪುಣೆಯ ನಿವಾಸಿ, ಹಾಡಿದ್ದು ಹಿಂದಿಯಲ್ಲಿ. ಆಮೇಲೆ ಎಲ್ಲ ಭಾಷೆಗಳ ನಡುವೆ ಕನ್ನಡದ್ದೂ ಒಂದು ಸಾಲು ಬರುತ್ತದಲ್ಲ, ಕೆಲವೇ ಸೆಕೆಂಡು, ಅದಕ್ಕಾಗಿ ಅಡುಗೆಮನೆಯಿಂದ ಓಡಿ ಬರುತ್ತಿದ್ದೆ. ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಚಿತ್ರ, ಸರದಿಯ ಮೇಲೆ. ಕನ್ನಡದ ಸರದಿ ಬಂದ ವಾರ ಇಡೀ ಬಡಾವಣೆಯ ಕನ್ನಡದವರು ಒಂದೇ ಮನೆಯಲ್ಲಿ. ಚಿತ್ರಕ್ಕೆ ಮುಂಚೆ ಕಿವಿ ಕೇಳದವರಿಗಾಗಿ ಸನ್ನೆಯ ವಾರ್ತೆ ಇರುತ್ತಿತ್ತು. ಅದನ್ನೂ ನಾವು ಭಕ್ತಿಯಿಂದ ನೋಡುತ್ತಿದ್ದೆವು, ಎದ್ದು ಹೋದರೆ ಚಾಪೆಯ ಮೇಲಿನ ಜಾಗ ಹೋಗುತ್ತದೆ ಎಂದು.

ಮುಂದೆ ಕನ್ನಡದ ಉಪಗ್ರಹ ವಾಹಿನಿ ಡಿಡಿ 9 ಶುರುವಾಯಿತು, ಈಗಿನ ಚಂದನ. 1994ರಲ್ಲಿ ಉದಯ ಟಿವಿ. ಆಕಾಶದಲ್ಲಿ ಕನ್ನಡ ಇತ್ತು, ನಮ್ಮ ಕೇಬಲ್ಲಿನಲ್ಲಿ ಇರಲಿಲ್ಲ. ಕೇಬಲ್ ಹುಡುಗನನ್ನು ಕೇಳಿದರೆ "ಕನ್ನಡ ಕೋಣ್ ಬಘಣಾರ್?", ಕನ್ನಡ ಯಾರು ನೋಡುತ್ತಾರೆ ಎನ್ನುತ್ತಿದ್ದ. ನಮ್ಮವರೂ ನಾನೂ ಮನೆಮನೆ ತಿರುಗಿ 22 ಮನೆಯವರ ಸಹಿ ಹಾಕಿಸಿ ಕೊಟ್ಟೆವು. ಕನ್ನಡದವರು, ತುಳುವರು, ಸೊಲ್ಲಾಪುರದ ಲಿಂಗಾಯತರು, ಮನೆಯಲ್ಲಿ ಕೊಂಕಣಿ ಆಡುವವರು. ಆ ಕಾಗದ ಎಲ್ಲಿ ಹೋಯಿತೋ ಗೊತ್ತಿಲ್ಲ. ಕೊನೆಗೆ ದಾರಿಯಾದದ್ದು 2004ರ ಡಿಸೆಂಬರಿನಲ್ಲಿ ದೂರದರ್ಶನದವರು ಡಿಡಿ ಡೈರೆಕ್ಟ್ ಶುರು ಮಾಡಿದ ಮೇಲೆ. ಒಮ್ಮೆ ತಟ್ಟೆ ಕೊಂಡರೆ ಆಯಿತು, ತಿಂಗಳ ಬಾಡಿಗೆ ಇಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು, ಕೆಲವರಿಗೆ ಹಿಡಿಸದೆ ಇರಬಹುದು. 1994ರ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನ 10 ನಿಮಿಷದ ಉರ್ದು ವಾರ್ತೆ ಶುರು ಮಾಡಿತು. ಗಲಭೆ ಎದ್ದು 20ಕ್ಕೂ ಹೆಚ್ಚು ಜನ ಸತ್ತರು, ಆ ವಾರ್ತೆ ನಿಂತಿತು. ಸುದ್ದಿ ಓದಿದಾಗ ನಾನೂ, ಕನ್ನಡದ ಜಾಗದಲ್ಲಿ ಬೇರೆ ಭಾಷೆ ಯಾಕೆ ಬರಬೇಕು ಅಂದುಕೊಂಡವಳೇ. ಸಹಿ ಹಾಳೆ ಹಿಡಿದು ಪುಣೆಯ ಮೆಟ್ಟಿಲು ಹತ್ತಿ ಇಳಿಯುವಾಗ ಅದು ಬೇರೆ ಥರ ಕಾಣಿಸಿತು. ಇಲ್ಲಿ ನಾವು ಬೇಡುತ್ತಿದ್ದುದೂ ಅಷ್ಟೇ ಅಲ್ಲವೇ, ದಿನಕ್ಕೆ 10 ನಿಮಿಷ ನಮ್ಮ ಮಾತು? ನಮ್ಮ ಕೇಬಲ್ ಹುಡುಗ ನಕ್ಕು ಸುಮ್ಮನಾದ, ಕಲ್ಲು ಎತ್ತಲಿಲ್ಲ.

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಆಗಿನ ವಾರ್ತೆಯ ತುಂಬ ಮಂತ್ರಿಗಳು ಟೇಪು ಕತ್ತರಿಸುತ್ತಿದ್ದರು. ನಮ್ಮ ಹಳ್ಳಿಯ ನೀರಿನ ಬವಣೆ ಯಾವ ಮುಖ್ಯಾಂಶಕ್ಕೂ ಬರಲಿಲ್ಲ. ಈಗಿನ ಸುದ್ದಿ ವಾಹಿನಿಗಳು ಎಷ್ಟೇ ಕೂಗಾಡಲಿ, ಒಂದು ತಾಲ್ಲೂಕಿನ ಒಡೆದ ರಸ್ತೆಯನ್ನಾದರೂ ತೋರಿಸುತ್ತವೆ. ಕೂಗಾಟ ಮಾತ್ರ ತಾಳಲಾಗುವುದಿಲ್ಲ. ಮೊಮ್ಮಗ ಹೋದ ವರ್ಷ ಬಂದಾಗ ಒಂದು ಕನ್ನಡ ವಾಹಿನಿ ಹಚ್ಚಿದೆ. ಐದು ನಿಮಿಷ ನೋಡಿ, "ಅಜ್ಜಿ, ಇವರಿಗೆಲ್ಲ ಯಾಕೆ ಸಿಟ್ಟು ಬಂದಿದೆ?" ಅಂದ.

ನಮ್ಮವ್ವ ಈಗ ನನ್ನ ಜೊತೆ ಪುಣೆಯಲ್ಲೇ ಇದ್ದಾಳೆ. ವಯಸ್ಸು 80 ದಾಟಿದೆ. ಅವಳಿಗೆ ಚಂದನ ಒಂದೇ ಟಿವಿ. 'ಥಟ್ ಅಂತ ಹೇಳಿ' ಬಂದರೆ ಸೋಮೇಶ್ವರ ಡಾಕ್ಟರು ಕೇಳುವ ಪ್ರಶ್ನೆ ಅರ್ಧವೂ ತಿಳಿಯದಿದ್ದರೂ, ಗೆದ್ದವರಿಗೆ ಪುಸ್ತಕ ಕೊಡುವುದನ್ನು ನೋಡಿ ಖುಷಿಪಡುತ್ತಾಳೆ. ಸಂಜೆ ವಾರ್ತೆ ಓದುವಾಕೆ "ನಮಸ್ಕಾರ" ಅಂದರೆ ಈಗಲೂ ಕೈ ಮುಗಿಯುತ್ತಾಳೆ. ಸುದ್ದಿ ವಾಹಿನಿ ಹಾಕಿದರೆ ಮುಗಿಯುವುದಿಲ್ಲ. ಪರೀಕ್ಷೆ ಮಾಡಿ ನೋಡಿದ್ದೇನೆ. "ಅವ್ರು ನನ್ನ ಜೋಡಿ ಮಾತಾಡಾಕತ್ತಿಲ್ಲ, ತಮ್ಮತಮ್ಮಾಗ ಜಗಳಾಡಾಕತ್ತಾರ" ಅನ್ನುತ್ತಾಳೆ.

ಅಪರ್ಣಾ ಅವರಲ್ಲಿ ನನಗೆ ಹಿಡಿಸಿದ್ದೂ ಇದೇ. ಪುಟ್ಟಣ್ಣ ಕಣಗಾಲರ 'ಮಸಣದ ಹೂವು' ಚಿತ್ರದಿಂದ ಬಂದವರು, ಆಕಾಶವಾಣಿ, ದೂರದರ್ಶನ, ಎಷ್ಟೋ ವೇದಿಕೆಗಳು. ಅವರ ಅಲ್ಪಪ್ರಾಣ ಮಹಾಪ್ರಾಣ, ಅಕಾರ ಹಕಾರಗಳ ಬಗ್ಗೆ ಎಲ್ಲರೂ ಬರೆದರು. ನನಗೆ ಕಂಡದ್ದು ಅವಸರವಿಲ್ಲದಿರುವುದು. ಎದುರಿಗೆ ಒಬ್ಬರು ಕೂತು ಕೇಳುತ್ತಿದ್ದಾರೆ ಎಂದು ನಂಬಿ ಆಡಿದ ಮಾತು. ಬೆಂಗಳೂರಿಗೆ ಹೋದಾಗ 'ನಮ್ಮ ಮೆಟ್ರೊ'ದಲ್ಲಿ ಅವರ ದನಿ ಕೇಳಿ ಇಳಿಯಬೇಕಾದ ನಿಲ್ದಾಣ ದಾಟಿ ಹೋದವಳು ನಾನು.

ಮತ್ತೆ ಮಗಳ ಪ್ರಶ್ನೆಗೆ ಬರುತ್ತೇನೆ. ಮನೆಗೆ ಕನ್ನಡದ ತಟ್ಟೆ ಬರುವ ಹೊತ್ತಿಗೆ ಅವಳಿಗೆ 15 ದಾಟಿತ್ತು. ಅಷ್ಟರಲ್ಲಿ ಅವಳ ಸಂಜೆಗಳು ಭಿಡೆಯವರ ಪಾಲಾಗಿದ್ದವು. ಅವಳ 'ನಮ್ಮೂರ ಟಿವಿ' ಮರಾಠಿಯದು, ಯಾಕೆಂದರೆ ಅವಳ ಊರು ಪುಣೆ. ಭಿಡೆಯವರಿಗಾಗಿ ಅವಳು ಅತ್ತದ್ದು ನಾನು ಅಪರ್ಣಾಗಾಗಿ ಅತ್ತದ್ದಕ್ಕಿಂತ ಒಂದು ಹನಿಯೂ ಕಡಿಮೆ ಅಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು.

ಆದರೆ ಮನೆಯಲ್ಲಿ ಕನ್ನಡದ ದನಿ ತಡವಾಗಿ ಬಂದದ್ದಕ್ಕೆ ಕೇಬಲ್ ಹುಡುಗನನ್ನೊಬ್ಬನನ್ನೇ ದೂರಿ ಏನು ಬಂತು? ನಾನಾದರೂ ಓದಬಹುದಿತ್ತಲ್ಲ. 2020ರ ಲಾಕ್‌ಡೌನಿನಲ್ಲಿ ನಾವು ಹಾಗೇ ಮಾಡಿದೆವು, ನೆನಪಿದೆಯೇ? ಪತ್ರಿಕೆ ಬರುತ್ತಿರಲಿಲ್ಲ, ಒಬ್ಬರೇ ಇರುವ ಹಿರಿಯರು ಹೆದರಿದ್ದರು. ವೇದಿಕೆಯಿಂದ ಭಾನುವಾರಕ್ಕೊಮ್ಮೆ 10 ನಿಮಿಷದ ವಾರ್ತೆ ಓದಿ ವಾಟ್ಸಾಪಿನಲ್ಲಿ ಕಳಿಸುತ್ತಿದ್ದೆವು. ಯಾವ ಕನ್ನಡದಲ್ಲಿ ಓದಬೇಕು ಎಂದು ಮೊದಲ ವಾರವೇ ಜಗಳ! ಮಂಗಳೂರಿನವರದು ಪುಸ್ತಕದ ಹಾಗೆ, ನನ್ನದು ರೊಟ್ಟಿ ಬಡಿದ ಹಾಗೆ ಎಂದು ನಗೆಯಾಯಿತು. ಕೊನೆಗೆ ಅವರವರ ಊರಿನ ಕನ್ನಡದಲ್ಲೇ ಓದುವುದು ಎಂದಾಯಿತು. ನಾನು ಓದಿದ ವಾರ ಅವ್ವ ಪಕ್ಕದ ಕೋಣೆಯಲ್ಲಿ ಫೋನ್ ಎದುರಿಗೆ ಇಟ್ಟುಕೊಂಡು ಕೂತಿದ್ದಳು. ನಾನು "ನಮಸ್ಕಾರ" ಅಂದದ್ದಕ್ಕೆ ಅವಳು ಕೈ ಮುಗಿದದ್ದನ್ನು ಬಾಗಿಲ ಸಂದಿಯಿಂದ ನೋಡಿದೆ. ಮಗಳ ದನಿ ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಕೇಳಲಿಲ್ಲ.

ಲಾಕ್‌ಡೌನ್ ಮುಗಿಯಿತು, ಓದುವುದೂ ನಿಂತಿತು. ಮೊನ್ನೆ ಮಗಳು ತಾನಾಗಿ ಕೇಳಿದಳು, ಹಳೆಯ ಆ ಧ್ವನಿಮುದ್ರಣ ಇದ್ದರೆ ಕಳಿಸು, ಹುಡುಗನಿಗೆ ಕೇಳಿಸುತ್ತೇನೆ ಎಂದು. ಹುಡುಕಿದೆ. ಫೋನ್ ಬದಲಿಸಿದಾಗ ಅಳಿಸಿಹೋಗಿದೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ನನಗೆ ಕಳಿಸಿ. ಇಲ್ಲದಿದ್ದರೂ ಪರವಾಗಿಲ್ಲ, ಮುಂದಿನ ಭಾನುವಾರದಿಂದ ಮತ್ತೆ ಶುರು ಮಾಡೋಣ. ಹೆಸರು ಬರೆಯುವ ಹಾಳೆ ಬಾಗಿಲ ಬಳಿ, ಚಹಾದ ಮೇಜಿನ ಮೇಲಿದೆ. ಮೊದಲ ವಾರ ನನ್ನದು. ಎರಡನೆಯ ವಾರ ಮಂಗಳೂರಿನವರು ಓದಲಿ.