ಹುಡುಗನ ಗತಿಯೇನು ಎಂದು ಮಾತ್ರ ಕೇಳಿದಾಗ

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಹೆಂಡತಿಯನ್ನು ಹೊಡೆದವನ ವಿಷಯ ನಾಲ್ಕು ಜನರ ಮುಂದೆ ಬಂದಾಗ ಮೊದಲು ಕೇಳಿಬರುವ ಮಾತು ನಿಮಗೆಲ್ಲ ಗೊತ್ತು. "ಕೇಸು ಗೀಸು ಅಂತ ಹೋದರೆ ಹುಡುಗನ ಜೀವನ ಹಾಳಾಗುತ್ತದಲ್ಲಾ?" ಈ ಮಾತು ನಮ್ಮ ಊರುಗಳಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡಿ. ದೂರದ ಅಮೆರಿಕದ ಕಾಲೇಜು ಫುಟ್‌ಬಾಲ್ ಮೈದಾನದಲ್ಲೂ ಇದೇ ಮಾತು ಕೇಳಿಬಂತು. ಅದರಿಂದ ಏನಾಯಿತು ಎಂಬುದನ್ನು ಇಂದು ನಿಮಗೆ ಹೇಳುತ್ತೇನೆ.

ಅಲ್ಲಿಯ ಫುಟ್‌ಬಾಲ್ ನಮ್ಮ ಮಕ್ಕಳು ಕಾಲಿನಿಂದ ಒದ್ದು ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ತೋಳಿನಲ್ಲಿ ಅವುಚಿಕೊಂಡು, ಅಡ್ಡ ಬಂದವರಿಗೆ ಡಿಕ್ಕಿ ಹೊಡೆದು ಓಡುವ ಆಟ. ದೊಡ್ಡ ವಿಶ್ವವಿದ್ಯಾಲಯದ ಪಂದ್ಯ ನೋಡಲು ಎಂಬತ್ತು ಸಾವಿರ, ಒಂದು ಲಕ್ಷ ಜನ ಸೇರುವುದುಂಟು. ಟಿಕೆಟ್ಟು, ಟೆಲಿವಿಷನ್, ದೇಣಿಗೆ ಎಂದು ಕೋಟಿಗಟ್ಟಲೆ ಹಣ ಹರಿಯುತ್ತದೆ. ಅಲ್ಲಿಯ ಹಲವು ರಾಜ್ಯಗಳಲ್ಲಿ ಸರ್ಕಾರದ ನೌಕರರ ಪೈಕಿ ಅತಿ ಹೆಚ್ಚು ಸಂಬಳ ರಾಜ್ಯಪಾಲರಿಗಲ್ಲ, ವಿಶ್ವವಿದ್ಯಾಲಯದ ಫುಟ್‌ಬಾಲ್ ತರಬೇತುದಾರನಿಗೆ! ಆಡುವವರು ಹದಿನೆಂಟು ಇಪ್ಪತ್ತರ ಹುಡುಗರು. ಎಷ್ಟೋ ಜನ ಬಡ ಮನೆಗಳಿಂದ ಬಂದವರು. ಅವರಿಗೆ ಕೋಚ್ ಎಂದರೆ ಅಪ್ಪನಿದ್ದ ಹಾಗೆ. ಹುಡುಗ ಕುಡಿದು ಗಲಾಟೆ ಮಾಡಲಿ, ಹುಡುಗಿಯ ಮೇಲೆ ಕೈ ಮಾಡಲಿ, ಸುದ್ದಿ ಬೇಗನೆ ಮುಟ್ಟುವುದು ಕೋಚ್‌ಗೆ. ಅವನನ್ನು ಉಳಿಸಿಕೊಳ್ಳಬೇಕೋ ಹೊರಗೆ ಹಾಕಬೇಕೋ ಎಂದು ಬಹುಕಾಲ ತೀರ್ಮಾನಿಸುತ್ತಿದ್ದವರೂ ಅವರೇ.

ನೆಬ್ರಾಸ್ಕ ವಿಶ್ವವಿದ್ಯಾಲಯದ ತಂಡ 1994ರಲ್ಲಿ ದೇಶದ ಚಾಂಪಿಯನ್ ಆಗಿತ್ತು. ಕೋಚ್ ಟಾಮ್ ಆಸ್ಬಾರ್ನ್. ತಂಡದ ಅತ್ಯುತ್ತಮ ಓಟಗಾರ ಲಾರೆನ್ಸ್ ಫಿಲಿಪ್ಸ್, ಇಪ್ಪತ್ತು ವರ್ಷದವನು. 1995ರ ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಈತ ತನ್ನ ಹಿಂದಿನ ಗೆಳತಿ ಇದ್ದ ಮನೆಗೆ ನುಗ್ಗಿ, ಅವಳನ್ನು ಹೊಡೆದು, ಕೂದಲು ಹಿಡಿದು ಮೆಟ್ಟಿಲುಗಳ ಮೇಲೆ ಎಳೆದುಕೊಂಡು ಹೋದ. ಆಕೆಯೂ ಅದೇ ವಿಶ್ವವಿದ್ಯಾಲಯದ ಆಟಗಾರ್ತಿ. ಇವನನ್ನು ತಂಡದಿಂದ ತೆಗೆದುಹಾಕಿದ್ದೇನೆ ಎಂದು ಕೋಚ್ ಮೊದಲು ಹೇಳಿದರು. ಆಮೇಲೆ ಮಾತು ಬದಲಾಯಿತು. ತೆಗೆದುಹಾಕಿದ್ದು ಹೋಗಿ ಅಮಾನತು ಆಯಿತು. ಆರು ಪಂದ್ಯ ಹೊರಗಿದ್ದ ಫಿಲಿಪ್ಸ್ ಮರಳಿ ಮೈದಾನಕ್ಕಿಳಿದ. ನ್ಯಾಯಾಲಯದಲ್ಲಿ ಆರೋಪವನ್ನು ಅವನು ಎದುರಿಸಲಿಲ್ಲ. ಒಂದು ವರ್ಷದ ನಿಗಾವಣೆಯ ಶಿಕ್ಷೆಯಾಯಿತು, ಅಷ್ಟೆ. 1996ರ ಜನವರಿ 2ರಂದು ನಡೆದ ಅಂತಿಮ ಪಂದ್ಯದಲ್ಲಿ ನೆಬ್ರಾಸ್ಕ 62-24ರಿಂದ ಗೆದ್ದಿತು. ಗೆಲುವಿನಲ್ಲಿ ಫಿಲಿಪ್ಸ್‌ನ ಪಾಲು ದೊಡ್ಡದಿತ್ತು.

ಆಸ್ಬಾರ್ನ್ ಕೆಟ್ಟ ಮನುಷ್ಯರಲ್ಲ. ಶಾಲಾ ಮಕ್ಕಳಿಗೆ ಹಿರಿಯರ ಆಸರೆ ಒದಗಿಸುವ ಕಾರ್ಯಕ್ರಮವನ್ನು ಪತ್ನಿಯೊಂದಿಗೆ ಸೇರಿ 1991ರಲ್ಲೇ ಆರಂಭಿಸಿದವರು. ಅವರ ವಾದದಲ್ಲೂ ಅರ್ಥವಿತ್ತು. ಈ ಹುಡುಗ ಹೆತ್ತವರ ಆಸರೆಯಿಲ್ಲದೆ ಅನಾಥರ ವಸತಿಯಲ್ಲಿ ಬೆಳೆದವನು, ಅವನ ಬದುಕನ್ನು ಹಿಡಿದು ನಿಲ್ಲಿಸಿರುವುದು ಆಟ ಒಂದೇ, ಅದನ್ನೂ ಕಿತ್ತುಕೊಂಡರೆ ಅವನು ಪೂರ್ತಿ ಕೆಟ್ಟುಹೋಗುತ್ತಾನೆ ಎಂದರು. ಆಪ್ತಸಲಹೆಗೆ ಹೋಗಬೇಕು, ತರಗತಿ ತಪ್ಪಿಸಬಾರದು ಎಂಬ ಷರತ್ತುಗಳನ್ನೂ ಹಾಕಿದರು.

ಆದರೆ ಸೋದರಿಯರೇ, ಇಲ್ಲಿ ಎರಡು ಪ್ರಶ್ನೆಗಳಿವೆ. ಹುಡುಗನ ಗತಿಯೇನು ಎಂದು ಇಡೀ ರಾಜ್ಯ ಚರ್ಚೆ ಮಾಡಿತು. ಅದೇ ಕಾಲೇಜಿನ ಆವರಣದಲ್ಲಿ ಓಡಾಡಬೇಕಾದ ಆ ಹುಡುಗಿಯ ಗತಿಯೇನು ಎಂದು ಅಷ್ಟೇ ಕಾಳಜಿಯಿಂದ ಕೇಳಿದವರು ಎಷ್ಟು ಜನ? ಎರಡನೆಯದು, ತೀರ್ಪು ಕೊಟ್ಟವರು ಯಾರು? ಅವನು ಆಡಿದರೆ ಯಾರು ಗೆಲ್ಲುತ್ತಾರೋ ಅವರೇ! ಮನಸ್ಸು ಎಷ್ಟೇ ಒಳ್ಳೆಯದಿರಲಿ, ಒಂದು ಕೈಯಲ್ಲಿ ಟ್ರೋಫಿ ಹಿಡಿದವರು ಇನ್ನೊಂದು ಕೈಯಲ್ಲಿ ತಕ್ಕಡಿ ಹಿಡಿದರೆ ಅದು ಸಮನಾಗಿ ತೂಗುವುದಿಲ್ಲ.

ಹುಡುಗನಾದರೂ ಉದ್ಧಾರವಾದನೇ? ಅದೂ ಇಲ್ಲ. ವೃತ್ತಿಪರ ತಂಡಗಳು ಅವನನ್ನು ಸೇರಿಸಿಕೊಂಡವು, ಬಿಟ್ಟವು. ಅವನಿಂದ ಪೆಟ್ಟು ತಿಂದ ಹೆಣ್ಣುಮಕ್ಕಳು ಮುಂದೆಯೂ ಇದ್ದರು. 2005ರಲ್ಲಿ ಆಟದ ಜಗಳವೊಂದರ ನಂತರ ಹುಡುಗರ ಮೇಲೆ ಕಾರು ನುಗ್ಗಿಸಿದ. ಅದಕ್ಕೂ ಗೆಳತಿಯ ಮೇಲಿನ ಹಲ್ಲೆಗೂ ಸೇರಿ 30 ವರ್ಷಕ್ಕೂ ಮೀರಿದ ಸೆರೆವಾಸವಾಯಿತು. 2016ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಜೈಲಿನಲ್ಲಿ, ನಲವತ್ತನೆಯ ವಯಸ್ಸಿನಲ್ಲಿ ಸತ್ತ. ಆಟ ಅವನಿಗೆ ಔಷಧಿಯಾಗಲಿಲ್ಲ. "ಮದುವೆ ಮಾಡಿದರೆ ಸರಿಹೋಗುತ್ತಾನೆ" ಎಂದು ನಮ್ಮಲ್ಲಿ ಹೆಣ್ಣನ್ನು ಔಷಧಿ ಮಾಡುತ್ತಾರಲ್ಲ, ಅದೂ ಆಗುವುದಿಲ್ಲ.

ಇನ್ನೊಬ್ಬ ಹೆಣ್ಣುಮಗಳ ವಿಷಯ ಕೇಳಿ. ಬ್ರೆಂಡಾ ಟ್ರೇಸಿ ಇಬ್ಬರು ಸಣ್ಣ ಮಕ್ಕಳ ತಾಯಿ. ನಾಲ್ವರು ತನ್ನ ಮೇಲೆ ಅತ್ಯಾಚಾರ ಮಾಡಿದರೆಂದು 1998ರಲ್ಲಿ ಪೊಲೀಸರಿಗೆ ದೂರು ಕೊಟ್ಟರು. ಅವರಲ್ಲಿ ಇಬ್ಬರು ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಆಟಗಾರರು. ಪ್ರಕರಣ ವಿಚಾರಣೆಗೇ ಬರಲಿಲ್ಲ. ಕೋಚ್ ಮೈಕ್ ರೈಲಿ ಆ ಇಬ್ಬರನ್ನು ಒಂದೇ ಒಂದು ಪಂದ್ಯದಿಂದ ಹೊರಗಿಟ್ಟರು. ಒಳ್ಳೆಯ ಹುಡುಗರು, ಒಂದು ತಪ್ಪು ನಿರ್ಧಾರ ಮಾಡಿದರು ಎಂಬಂತೆ ಮಾತಾಡಿದರು. ಅತ್ಯಾಚಾರ ಮಾಡಿದವರಿಗಿಂತ ಆ ಕೋಚ್‌ನನ್ನೇ ಹೆಚ್ಚು ದ್ವೇಷಿಸಿದೆ ಎಂದು ಆಕೆ ಮುಂದೆ ಹೇಳಿದ್ದಾರೆ. ಹದಿನಾರು ವರ್ಷಗಳ ನಂತರ, 2014ರಲ್ಲಿ, ಹೆಸರು ಮುಚ್ಚಿಡದೆ ತನ್ನ ಕಥೆಯನ್ನು ಪತ್ರಿಕೆಗೆ ಹೇಳಿದರು. ವಿಶ್ವವಿದ್ಯಾಲಯ ಕ್ಷಮೆ ಕೇಳಿತು. ಆಗ ನೆಬ್ರಾಸ್ಕ ತಂಡದ ಕೋಚ್ ಆಗಿದ್ದ ರೈಲಿ 2016ರಲ್ಲಿ ತಮ್ಮ ಆಟಗಾರರ ಮುಂದೆ ಮಾತಾಡಲು ಆಕೆಯನ್ನೇ ಕರೆಸಿದರು. ಆ ಹುಡುಗರೆಲ್ಲ ಕುಳಿತು ಕೇಳಿದರು. ಒಬ್ಬ ಹೆಣ್ಣು ಬಾಯಿ ಬಿಟ್ಟಿದ್ದರಿಂದ ಆದ ಕೆಲಸ ಇದು.

ನಿಧಾನವಾಗಿಯಾದರೂ ಅಲ್ಲಿ ಬದಲಾವಣೆ ಬಂದಿದೆ. ಟೆಕ್ಸಾಸಿನ ಬೇಲರ್ ವಿಶ್ವವಿದ್ಯಾಲಯ ಹೊರಗಿನ ವಕೀಲರಿಂದ ತನಿಖೆ ಮಾಡಿಸಿತು. ಲೈಂಗಿಕ ದೌರ್ಜನ್ಯದ ದೂರುಗಳನ್ನು ಫುಟ್‌ಬಾಲ್ ಸಿಬ್ಬಂದಿ ಸರಿಯಾದ ಜಾಗಕ್ಕೆ ಮುಟ್ಟಿಸಿರಲಿಲ್ಲ ಎಂಬುದು ಹೊರಬಿತ್ತು. 2016ರಲ್ಲಿ ಕೋಚ್ ಆರ್ಟ್ ಬ್ರೈಲ್ಸ್ ಕೆಲಸ ಕಳೆದುಕೊಂಡರು, ವಿಶ್ವವಿದ್ಯಾಲಯದ ಅಧ್ಯಕ್ಷರೂ ಹುದ್ದೆ ಕಳೆದುಕೊಂಡರು. ಇಂಡಿಯಾನ ವಿಶ್ವವಿದ್ಯಾಲಯವಂತೂ ಲೈಂಗಿಕ ಅಥವಾ ಕೌಟುಂಬಿಕ ಹಿಂಸೆಯ ಅಪರಾಧ ರುಜುವಾತಾದವರನ್ನು ತಂಡಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು 2017ರಲ್ಲಿ ನಿಯಮ ಮಾಡಿತು.

ಹಾಗಾದರೆ ತಪ್ಪು ಮಾಡಿದ ಹುಡುಗನನ್ನು ಬೀದಿಗೆ ಎಸೆಯಬೇಕೇ? ನಾನು ಹಾಗೆ ಹೇಳುತ್ತಿಲ್ಲ. ಅವನಿಗೆ ಓದು ಇರಲಿ, ಚಿಕಿತ್ಸೆ ಇರಲಿ, ಬುದ್ಧಿ ಹೇಳುವ ಹಿರಿಯರೂ ಇರಲಿ. ಆದರೆ ಚಪ್ಪಾಳೆ ಮತ್ತು ಹಾರ ಚಿಕಿತ್ಸೆಯಲ್ಲ. ಮೊದಲು ಪೆಟ್ಟು ತಿಂದವಳು ಸುರಕ್ಷಿತಳಾಗಬೇಕು. ಆಮೇಲೆ ದೂರು ಹೊರಗಿನವರ ಕೈಗೆ ಹೋಗಬೇಕು. ಹೊಡೆದವನ ಸುಧಾರಣೆಯ ಮಾತು ಬರಬೇಕಾದದ್ದು ಅದರ ನಂತರ.

ನಮ್ಮ ಸಂಘಕ್ಕೂ ಇದೇ ಪಾಠ. ನಾಳೆ ನಿಮ್ಮ ಬೀದಿಯಲ್ಲಿ ರಾಜಿ ಪಂಚಾಯಿತಿ ಕೂತರೆ, ಅಲ್ಲಿ ಕೂತವರಲ್ಲಿ ಯಾರಿಗೆ ಏನು ಲಾಭ ಎಂದು ಮೊದಲು ನೋಡಿ. ಗಂಡಿನ ದುಡಿಮೆ ಬೇಕಾದವರು, ವರದಕ್ಷಿಣೆ ಕೈ ಸೇರಿದವರು, ಮನೆತನದ ಮಾನ ಕಾಯುವವರು ನ್ಯಾಯ ಹೇಳಲಾರರು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಇದೆ, ಸಂರಕ್ಷಣಾಧಿಕಾರಿ ಇದ್ದಾರೆ, 181 ಸಹಾಯವಾಣಿ ಇದೆ. ಅವಳೊಬ್ಬಳನ್ನೇ ಕಳಿಸಬೇಡಿ, ಇಬ್ಬರು ಜೊತೆಗೆ ಹೋಗಿ. "ಹುಡುಗನ ಗತಿಯೇನು?" ಎಂದು ಯಾರಾದರೂ ಕೇಳಿದರೆ, "ಮೊದಲು ಇವಳ ಗತಿ ಹೇಳಿ" ಎಂದು ಗಟ್ಟಿಯಾಗಿ ಕೇಳಿ.